ಬೆರಳು ಬಿದ್ದ ಸಾಲು

ಇವತ್ತು ಬೈಲಹೊಂಗಲದ ಸಾವಿನ ಮನೆಯೊಂದರಲ್ಲಿ ಯಾರೋ ಹಳೆಯ ಬೈಬಲ್ ನನ್ನ ಕೈಗಿತ್ತು, 'ಒಂದ ವಾಕ್ಯ ತಗೀರಿ' ಅಂದರು. ಹಾಳೆಗಳ ನುಸಿಗುಳಿಗೆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಂಪಗಾಂವದ ನಮ್ಮ ಪಡಸಾಲೆ ಕಣ್ಣೆದುರು ಬಂತು.

ಅಲ್ಲಿ ಅಪ್ಪ ಪ್ರಾರ್ಥನೆ ನಡೆಸುತ್ತಿದ್ದ. ಕಷ್ಟ ಹೇಳಿಕೊಂಡು ಬಂದವರಿಗೆ ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ಸಾಲನ್ನೇ ದೇವರ ಉತ್ತರವೆಂದು ಓದುತ್ತಿದ್ದ. ಕೂಸನ್ನು ಮಣ್ಣು ಮಾಡಿ ಬಂದ ಶಾಂತವ್ವನಿಗೂ ಹಾಗೇ ಓದಿದ. ಮಕ್ಕಳು ಪಾಪ ಮಾಡಿದ್ದಕ್ಕೇ ದೇವರು ದಂಡಿಸಿದ ಎಂಬ ಸಾಲು ಅದು. ಆಕೆ ಅಳಲಿಲ್ಲ, ಎದ್ದು ಹೋದಳು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: 'ಅದನ್ನ ಅಂದಾವ ಯಾರ್ರಿ?'

ಅಪ್ಪ ಆಗ ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಮಕ್ಕಳನ್ನು ಕಳೆದುಕೊಂಡ ಯೋಬನಿಗೆ ಅವನ ಗೆಳೆಯನೊಬ್ಬ ಆಡಿದ ಮಾತದು. ಕೊನೆಗೆ ದೇವರು ಆ ಗೆಳೆಯರ ಮೇಲೆಯೇ ಸಿಟ್ಟಾಗುತ್ತಾನೆ. ಅಪ್ಪನ ಮುಖ ಕಪ್ಪಿಟ್ಟಿತು. ನನ್ನ ಕೈ ಹಿಡಿದುಕೊಂಡೇ ಶಾಂತವ್ವನ ಮನೆಗೆ ನಡೆದ.

'ತಪ್ಪಾತವ್ವಾ. ಅದು ದೇವರ ಮಾತಲ್ಲ. ನಾ ಪೂರಾ ಓದಲಾರ್ದ ಹೇಳಿದ್ನಿ.'

ತೊಟ್ಟಿಲ ಹಗ್ಗ ಬಿಚ್ಚುತ್ತಿದ್ದ ಆಕೆ ತಲೆ ಎತ್ತಲಿಲ್ಲ. 'ದೇವರ ಅಂದಿಲ್ಲಂದ್ರ, ನೀವ್ಯಾಕ ಅಂದ್ರಿ?'

ಅಪ್ಪ ಮತ್ತೆಂದೂ ಕಣ್ಣು ಮುಚ್ಚಿ ಬೈಬಲ್ ತೆರೆಯಲಿಲ್ಲ.

'ಓದ್ರೀ' ಅಂದರು ಇವತ್ತು ಬೈಬಲ್ ಕೊಟ್ಟವರು, ಮತ್ತೊಮ್ಮೆ. ನಾನು ಬೈಬಲ್ ಮುಚ್ಚಿ, ಮಗನನ್ನು ಕಳೆದುಕೊಂಡ ಆ ಮನೆಯಾಕೆಯ ಪಕ್ಕ ಚಾಪೆಯ ಮೇಲೆ ಸುಮ್ಮನೆ ಕುಳಿತೆ.