ತೊಳೆದ ಬೇರು

ನಾಗಲಿಂಗ ಇಳಕಲ್ಲಿನಲ್ಲಿ ಮೂವತ್ತೆಂಟು ವರ್ಷದಿಂದ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದಾನೆ. ಕೊನೆಯ ನೀರು ತಿಳಿಯಾಗಿ ಇಳಿಯುವವರೆಗೆ ನೂಲಿನ ಲಡಿಯನ್ನು ತೊಳೆಯುತ್ತಾನೆ. ಅವನ ನೂಲು ಬಣ್ಣ ಬಿಟ್ಟಿತೆಂದು ಯಾವ ನೇಕಾರನೂ ದೂರಿದ್ದಿಲ್ಲ.

ಅವನಿಗೆ ಸಹಿಸಲಾಗದವನು ಪಕ್ಕದ ಅರ್ಷದ. ಅರ್ಷದ ಕೆಲಸ ಕಲಿತದ್ದು ಇವನ ಕೈಕೆಳಗೇ. ಈಗ ಸ್ವಂತ ಬಣ್ಣದ ಮನೆ ಇಟ್ಟಿದ್ದಾನೆ.

ಎರಡೂ ಮನೆಗಳ ಬಣ್ಣದ ನೀರು ಓಣಿಗೆ ಹರಿಯುತ್ತಿತ್ತು. ಕಳೆದ ಮಳೆಗಾಲದಲ್ಲಿ ಓಣಿಯವರು ಸೇರಿ, ಯುಗಾದಿಯೊಳಗೆ ನೀರು ತಿಳಿಯಾಗದಿದ್ದರೆ ಕೆಲಸ ನಿಲ್ಲಿಸಬೇಕೆಂದು ಇಬ್ಬರಿಗೂ ಹೇಳಿದರು. ಬಾಗಲಕೋಟೆಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಅದೇ ಓಣಿಯಲ್ಲಿದ್ದೇನೆ. ಜಲ್ಲಿ ತುಂಬಿದ ಹೊಂಡದಲ್ಲಿ ಜೊಂಡುಹುಲ್ಲು ನೆಟ್ಟು ಅದರೊಳಗಿಂದ ನೀರು ಬಿಡಿರೆಂದು ಹೇಳಿದವಳು ನಾನೇ. ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಯಿಂದ ಇಬ್ಬರೂ ಒಂದೇ ಟ್ರ್ಯಾಕ್ಟರಿನಲ್ಲಿ ಜೊಂಡು ತಂದರು.

ಮೂರು ತಿಂಗಳಿಗೆ ಅರ್ಷದನ ಹೊಂಡದಿಂದ ತಿಳಿನೀರು ಬಂತು. ನಾಗಲಿಂಗನ ಹೊಂಡದಿಂದ ಕೆಂಪು ನೀರೇ ಬಂತು. ಅವನು ದಿನಕ್ಕೆ ಹತ್ತು ಸಲ ಗೋಡೆಯ ಮೇಲಿಂದ ಇಣುಕತೊಡಗಿದ. ಅರ್ಷದ ಕದ್ದು ಏನೋ ಪುಡಿ ಹಾಕುತ್ತಾನೆಂದು ಓಣಿಯಲ್ಲಿ ಹೇಳಿಕೊಂಡು ಬಂದ. ಊಟ ಸೇರದಾಯಿತು.

“ಗ್ವಾಡಿಗೆ ಆತು ನಿಂತ್ರ ನೀರ ತಿಳಿ ಆಕ್ಕೈತೇನ್ರಿ? ಹಾಸಿಗಿ ಅಲ್ಲೇ ಹಾಸ್ಲೇನು?” ಎಂದಳು ಹೆಂಡತಿ ಶಿವಗಂಗಾ.

ಕೊನೆಗೆ ನನ್ನಲ್ಲಿಗೆ ಬಂದ. “ಅಕ್ಕಾರ, ಖರೆ ಹೇಳ್ರಿ. ಅವಗೇನರ ಬ್ಯಾರೆ ಹೇಳಿಕೊಟ್ಟೀರೇನು?”

ಅವನ ಹೊಂಡಕ್ಕೆ ಹೋಗಿ ಒಂದು ಜೊಂಡು ಕಿತ್ತು ನೋಡಿದೆ. ಬೇರು ಬೆಳ್ಳಗಿತ್ತು.

“ನೆಡೂ ಮೊದ್ಲ ಏನ್ ಮಾಡಿದಿ?”

“ಏಳ ನೀರಿನ್ಯಾಗ ತೊಳದೇನ್ರಿ. ತುಕ್ಕಿನಂಥಾದ್ದು ಹತ್ತಿತ್ತು, ಅದನ್ನೂ ತಿಕ್ಕಿ ತಗದೆ.”

ಬಣ್ಣವನ್ನು ಒಡೆಯುವುದು ಮುಖ್ಯವಾಗಿ ಹುಲ್ಲಲ್ಲ, ಬೇರಿಗಂಟಿದ ಕೆಸರಿನ ಬ್ಯಾಕ್ಟೀರಿಯಾ. ಹುಲ್ಲು ಎಲೆಯಿಂದ ಗಾಳಿಯನ್ನು ಬೇರಿಗಿಳಿಸಿ ಅವುಗಳನ್ನು ಸಾಕುತ್ತದೆ. ನಾಗಲಿಂಗ ಅವುಗಳನ್ನೇ ತೊಳೆದು ಚೆಲ್ಲಿದ್ದ. ನಾನು ಇದನ್ನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಯುಗಾದಿಗೆ ಎರಡೇ ತಿಂಗಳು ಉಳಿದಿತ್ತು. ಈ ಬಣ್ಣಕ್ಕೆ ಪಳಗಿದ ಕೆಸರು ಇದ್ದದ್ದು ಅರ್ಷದನ ಹೊಂಡದಲ್ಲಿ ಮಾತ್ರ. ಅದನ್ನು ತಂದು ನಿನ್ನ ಹೊಂಡಕ್ಕೆ ಹಾಕೆಂದೆ.

“ಅವನ ಕೆಸರು ಬೇಡಾಕ ನಾ ಹೋಗ್ಬೇಕೇನ್ರಿ?”

“ಬ್ಯಾಡಾದ್ರ ಕೆಲಸ ಬಿಡು,” ಎಂದೆ.

ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಎರಡು ಬಕೆಟ್ ಹಿಡಿದು ಹೋದ.

ಅರ್ಷದ ನಕ್ಕ. “ಬರ್ರಿ ಅಣ್ಣಾರ. ಈ ಮೈಗಳ್ಳಗ ತೊಳ್ಯಾಕ ಬರೂದಿಲ್ಲ ಅಂತ ನೀವ ಬೈತಿದ್ರಿ. ಬ್ಯಾಸರಾಗಿ ಜೊಂಡ ತೊಳೀದ ಹಂಗ ನೆಟ್ಟೇನ್ರಿ. ಈಗ ಕೆಸರು ತೊಳದ ಕೊಡ್ಲೇನು?”

ನಾಗಲಿಂಗ ಹೊಂಡಕ್ಕಿಳಿದು ಬಕೆಟ್ ತುಂಬಿಕೊಂಡ. ಸಾಲದೆಂದು ಅರ್ಷದನೇ ಇನ್ನೆರಡು ಬಕೆಟ್ ತುಂಬಿ ಹಿಂದಿನಿಂದ ಹೊತ್ತು ತಂದ.

ಯುಗಾದಿಗೆ ಹತ್ತು ದಿನವಿರುವಾಗ ನೀರು ತಿಳಿಯಾಯಿತು. ಓಣಿಯವರು ಬಂದು ನೋಡಿ ಒಪ್ಪಿದರು. ಹಿರಿಯ ಹಣಮಪ್ಪ ಮೆಚ್ಚಿಕೊಂಡು, “ಥೇಟ್ ಅರ್ಷದನ ನೀರಿನಂಗ ಆತು ನೋಡಪಾ,” ಎಂದ.

ನಾಗಲಿಂಗ ಸರಕ್ಕನೆ ಒಳಗೆ ಹೋದ. ಸಂಜೆ ನನ್ನ ಬಾಗಿಲಲ್ಲಿ ನಿಂತಿದ್ದ.

“ಅಕ್ಕಾರ, ಅವನದಕ್ಕಿಂತ ತಿಳಿ ಮಾಡಾಕ ಏನ್ ಹಾಕ್ಬೇಕ್ರಿ?”