ಕೋಲಿನ ಮೇಲಿನ ಜಗಳೂರು

ಪೆಟ್ರೋಲಿನ ವಾಸನೆ ಕೈಗೆ ಹತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಮೂರು ಸಲ ಸೋಪು ಹಾಕಿ, ಆಮೇಲೆ ನಿಂಬೆ ಸಿಪ್ಪೆ ಉಜ್ಜಿ ಊಟಕ್ಕೆ ಕೂತರೂ ಮೊದಲ ತುತ್ತಿನಲ್ಲೇ ಜೀಪು ಮೂಗಿಗೆ ಬಡಿಯಿತು. "ಚಮಚ ಕೊಡ್ಲೇನ್ರಿ?" ಎಂದಳು ನನ್ನ ಹೆಂಡತಿ. ರೊಟ್ಟಿಯನ್ನು ಚಮಚದಲ್ಲಿ ತಿನ್ನುವ ವಿದ್ಯೆ ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಜೀಪು ನಮ್ಮ ಗೌರತ್ತೆಯದು, ಅಂದರೆ ನನ್ನ ತಂದೆಯ ಅಕ್ಕನದು. ಮಾವ ತೀರಿಕೊಂಡ ಮೇಲೆ ಅವರ ಕಂಬಳಿ ವ್ಯಾಪಾರವನ್ನು ಅತ್ತೆಯೇ ಕೈಗೆತ್ತಿಕೊಂಡರು. ಜಗಳೂರು ಕಡೆ ನೇಯ್ದ ಕಂಬಳಿಗಳನ್ನು ತಂದು ಹೊನ್ನಾಳಿ, ನ್ಯಾಮತಿ ಸಂತೆಗಳಲ್ಲಿ ಮಾರುವುದು. ಚನ್ನಗಿರಿಯ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೆವು. ಜೀಪು ಓಡಿಸುತ್ತಿದ್ದವನು ಜಗಳೂರಿನವನೇ ಆದ ಹನುಮಂತಣ್ಣ. ಹೆಂಡತಿಯನ್ನೂ ಕರೆತಂದು ನಮ್ಮ ಹಿತ್ತಲ ಕೋಣೆಯಲ್ಲೇ ಸಂಸಾರ ಹೂಡಿದ್ದ.

ಆ ಜೀಪಿನ ಪೆಟ್ರೋಲ್ ಮೀಟರು ನನಗೆ ನೆನಪಿರುವಂತೆ ಯಾವತ್ತೂ ಕೆಲಸ ಮಾಡಿರಲಿಲ್ಲ. ಟ್ಯಾಂಕು ತುಂಬಿದ್ದರೂ ಮುಳ್ಳು ಖಾಲಿ ಎಂದೇ ತೋರಿಸುತ್ತಿತ್ತು. ಅದಕ್ಕೆ ಮಾವ ಒಂದು ಬಿದಿರಿನ ಕೋಲು ಮಾಡಿಟ್ಟಿದ್ದರು. ಡ್ರೈವರ್ ಸೀಟು ಎತ್ತಿದರೆ ಕೆಳಗೇ ಟ್ಯಾಂಕಿನ ಮುಚ್ಚಳ. ಕೋಲನ್ನು ತಳ ಮುಟ್ಟುವಂತೆ ಇಳಿಸಿ, ಹೊರಗೆಳೆದು, ಒದ್ದೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಬೇಕು. ಕೋಲಿನ ಮೇಲೆ ಲೀಟರಿನ ಲೆಕ್ಕ ಇರಲಿಲ್ಲ, ಊರುಗಳಿದ್ದವು. ಕೆಳಗಿನ ಗೆರೆ ನಲ್ಲೂರು, ಅದರ ಮೇಲೆ ಹೊನ್ನಾಳಿ, ಆಮೇಲೆ ನ್ಯಾಮತಿ, ಎಲ್ಲಕ್ಕಿಂತ ಮೇಲೆ ಜಗಳೂರು. ಒದ್ದೆ ಆ ಊರಿನ ಗೆರೆ ಮುಟ್ಟಿದ್ದರೆ ಅಲ್ಲಿಗೆ ಹೋಗಿ ವಾಪಸ್ ಬರಬಹುದು ಎಂದರ್ಥ. ಯಾವ ಗೆರೆಗೆ ಎಷ್ಟು ಲೀಟರು ಎಂಬುದನ್ನು ಮಾವ ಸೀಟಿನ ಹಲಗೆಯ ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದರು. ಆದರೆ ಅದನ್ನು ಯಾರೂ ಓದುತ್ತಿರಲಿಲ್ಲ. ಕೋಲೊಂದೇ ಸಾಕಾಗಿತ್ತು.

ಇಲ್ಲಿ ನನ್ನ ಒಂದು ಚಟದ ವಿಷಯ ಹೇಳಲೇಬೇಕು. ನನಗೆ ಒಪ್ಪ ಮಾಡುವ ಹುಚ್ಚು. ಪುಸ್ತಕದ ಮಡಿಸಿದ ಮೂಲೆ ಕಂಡರೆ ಬಿಡಿಸುತ್ತೇನೆ, ಅಂಗಿಯಿಂದ ದಾರ ಜೋತುಬಿದ್ದಿದ್ದರೆ ಕತ್ತರಿಸುತ್ತೇನೆ, ಅದು ಯಾರ ಅಂಗಿಯಾದರೂ ಸರಿ. ಹೆಣ್ಣು ನೋಡಲು ಹೋದಾಗ ಭಾವೀ ಮಾವನವರ ಮನೆಯ ಗೋಡೆಯ ಮೇಲೆ ಓರೆಯಾಗಿದ್ದ ಕ್ಯಾಲೆಂಡರನ್ನು ಎದ್ದು ನೇರ ಮಾಡಿ ಕೂತವನು ನಾನು. ಹೇಗೋ ಮದುವೆಯಾಯಿತು.

ಮದುವೆಗೆ ಮುಂಚಿನ ಮಾತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ, ಜೇಬಿನಲ್ಲಿ ಹೊಸ ಚಾಕು ಇತ್ತು. ಒಂದು ಸಂಜೆ ನೋಡುತ್ತೇನೆ, ಪೆಟ್ರೋಲಿನಲ್ಲಿ ನೆನೆದು ನೆನೆದು ಕೋಲಿನ ತುದಿ ನಾರು ನಾರಾಗಿ ಬಿಚ್ಚಿಕೊಂಡಿದೆ. ಎಷ್ಟು ಅಸಹ್ಯ ಎನ್ನಿಸಿತು. ಹೆಬ್ಬೆಟ್ಟಿನಗಲ ಕತ್ತರಿಸಿ, ತುದಿಯನ್ನು ಉಜ್ಜಿ ನಯಮಾಡಿ, ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ ನೋಡಿ.

ಮರುದಿನ ಬೆಳಿಗ್ಗೆ ಹನುಮಂತಣ್ಣ ಕೋಲಿನ ಒದ್ದೆ ಜಗಳೂರು ಮುಟ್ಟುವವರೆಗೆ ಪೆಟ್ರೋಲು ಹಾಕಿಸಿ, ಅತ್ತೆಗೆ ತೋರಿಸಿ, ಜೀಪು ಹೊರಡಿಸಿದ. ಜಗಳೂರಿನಲ್ಲಿ ಅತ್ತೆ ನೇಕಾರರ ಮನೆಗಳಿಗೆ ಹೋಗಿದ್ದ ಹೊತ್ತಿನಲ್ಲಿ ಅವನೊಬ್ಬನೇ ಜೀಪಿನ ಬಳಿ ಇದ್ದ. ವಾಪಸ್ ಬರುವಾಗ ಸೂಳೆಕೆರೆ ಏರಿ ಹತ್ತಿರ ಜೀಪು ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಒಂದು ಹನಿ ಇರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ನಮ್ಮೆಲ್ಲರೆದುರು ಅವನನ್ನು ಕೇಳಿದರು. "ಬೆಳಿಗ್ಗೆ ಜಗಳೂರು ಗೆರೆ ಮುಟ್ಟಿತ್ತಲ್ಲ?"

"ಮುಟ್ಟಿತ್ತು ಅಕ್ಕಾರೆ."

"ಮತ್ತೆ ಪೆಟ್ರೋಲ್ ಎಲ್ಲಿಗೆ ಹೋತು?"

"ನಂಗೊತ್ತಿಲ್ಲ ಅಕ್ಕಾರೆ. ನಾನು ತೆಗ್ದಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಮನೆಯಲ್ಲಿ ಓದಿದವನು ನಾನೊಬ್ಬನೇ. "ಕೋಲು ಸುಳ್ಳು ಹೇಳುತ್ತಾ ಅತ್ತೆ?" ಎಂದುಬಿಟ್ಟೆ. ಎಷ್ಟು ಜಾಣತನದ ಮಾತು ಆಡಿದೆ ಎಂದು ಆಗ ಒಳಗೊಳಗೇ ಹಿಗ್ಗಿದ್ದೂ ನೆನಪಿದೆ. ವಾರದೊಳಗೆ ಹನುಮಂತಣ್ಣನ ಸಂಸಾರ ಹಿತ್ತಲ ಕೋಣೆ ಖಾಲಿ ಮಾಡಿ ಜಗಳೂರಿನ ಬಸ್ಸು ಹತ್ತಿತು. ಅತ್ತೆ ಬೇರೆ ಡ್ರೈವರನ್ನು ಇಟ್ಟುಕೊಳ್ಳಲಿಲ್ಲ. ವ್ಯಾಪಾರ ಬಸ್ಸಿನಲ್ಲಿ ನಡೆಯಿತು, ಜೀಪು ಶೆಡ್ಡಿಗೆ ಸೇರಿತು, ಕೋಲೂ ಅದರ ಜೊತೆಗೆ.

ಮೂವತ್ತು ವರ್ಷ ದಾಟಿದೆ. ಈ ವರ್ಷ ಜೀಪನ್ನು ಮತ್ತೆ ರಸ್ತೆಗಿಳಿಸುವ ಹುರುಪು ನನಗೆ ಬಂತು. ಇಂಜಿನ್ನು ಹೇಗೋ ಎದ್ದಿತು. ಮೀಟರಿಗಾಗಿ ಹೊನ್ನಾಳಿಯಿಂದ ದಾದಾಪೀರ್ ಎಂಬ ಆಟೋ ಎಲೆಕ್ಟ್ರಿಷಿಯನ್ ಬಂದ. ಮೀಟರಿಗೆ ಹೋಗುವ ತಂತಿಯನ್ನು ಬಿಚ್ಚಿ ಜೀಪಿನ ಕಬ್ಬಿಣದ ಮೈಗೆ ತಾಗಿಸಿದ. ಅಷ್ಟು ವರ್ಷ ಮಲಗಿದ್ದ ಮುಳ್ಳು ಸರ್ರನೆ ಎದ್ದು ಓಡಿತು.

"ಮೀಟರ್ ತಂದುರುಸ್ತ್ ಐತೆ ಸಾರ್. ಕಾಯಿಲೆ ಟ್ಯಾಂಕ್ ಒಳಗೈತೆ."

ಟ್ಯಾಂಕಿನೊಳಗೆ ಒಂದು ಹಿತ್ತಾಳೆ ಬುರುಡೆ ತೇಲುತ್ತಿರುತ್ತದೆ. ಪೆಟ್ರೋಲು ಏರಿದರೆ ಅದೂ ಏರಿ, ಮೇಲಿನ ತಂತಿಸುರುಳಿಯ ಮೇಲೆ ಸಣ್ಣ ತಗಡೊಂದನ್ನು ಸರಿಸುತ್ತದೆ. ಆ ಸುದ್ದಿ ಮುಳ್ಳಿಗೆ ಮುಟ್ಟುತ್ತದೆ. ನಮ್ಮ ಬುರುಡೆಯನ್ನು ಅಲುಗಾಡಿಸಿದರೆ ಒಳಗೆ ಗುಳುಗುಳು ಸದ್ದು. ಬಿಸಿನೀರಲ್ಲಿ ಮುಳುಗಿಸಿದಾಗ ಒಂದು ಕಡೆಯಿಂದ ಗುಳ್ಳೆ ಎದ್ದಿತು. ಸೂಜಿಮೊನೆಯಷ್ಟು ತೂತು! ಅದರಿಂದ ಪೆಟ್ರೋಲು ಕುಡಿದು ಬುರುಡೆ ಟ್ಯಾಂಕಿನ ತಳದಲ್ಲೇ ಕೂತಿತ್ತು. ದಾದಾಪೀರ್ ಒಳಗಿನದನ್ನೆಲ್ಲ ಬಸಿದು, ನಾಲ್ಕು ದಿನ ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಬೆಸುಗೆ ಹಾಕಿದ. ತಂತಿಸುರುಳಿಯ ಕಿಲುಬು ಉಜ್ಜಿದ, ಅರ್ತ್ ತಂತಿ ಕೂರುವ ಜಾಗದ ತುಕ್ಕು ಕೆರೆದ.

ಇನ್ನು ಮುಳ್ಳು ನಿಜ ಹೇಳುತ್ತದೋ ಇಲ್ಲವೋ ನೋಡಬೇಕಲ್ಲ? ಖಾಲಿ ಟ್ಯಾಂಕಿಗೆ ಅಳತೆ ಕ್ಯಾನಿನಿಂದ ಲೀಟರ್ ಲೀಟರಾಗಿ ಸುರಿದೆವು, ಮುಳ್ಳು ಅದಕ್ಕೆ ಸರಿಯಾಗಿ ಏರುತ್ತ ಬಂತು. ಕೋಲು ಸಿಕ್ಕಿತು, ಹಲಗೆಯಡಿಯ ಬರಹವೂ ಮಾಸಿರಲಿಲ್ಲ. ನಲ್ಲೂರಿನ ಐದು ಲೀಟರು ಸುರಿದು ಕೋಲು ಇಳಿಸಿದರೆ ಒದ್ದೆ ಗೆರೆ ದಾಟಿ ಮೇಲಕ್ಕೆ ಬಂದಿತ್ತು. ಹೊನ್ನಾಳಿಯದೂ ಹಾಗೇ, ನ್ಯಾಮತಿಯದೂ ಹಾಗೇ. ಪ್ರತಿ ಸಲವೂ ಒಂದು ಹೆಬ್ಬೆಟ್ಟಿನಗಲ ಹೆಚ್ಚು.

"ಈ ಕೋಲು ಇಲ್ಲದಿರೋ ಪೆಟ್ರೋಲ್ ತೋರಿಸ್ತೈತಲ್ರೀ" ಎಂದು ದಾದಾಪೀರ್ ಅದನ್ನು ತಿರುಗಿಸಿ ತುದಿ ನೋಡಿದ. "ಬುಡ ಯಾರೋ ಕುಯ್ದಿದಾರೆ ಸಾರ್. ಎಷ್ಟ್ ನೀಟಾಗಿ ಕುಯ್ದಿದಾರೆ ನೋಡ್ರಿ."

ನಾನು ಹಾಗೇ ಜೀಪಿನ ಮೆಟ್ಟಿಲ ಮೇಲೆ ಕೂತೆ. ನಾಚಿಕೆ ಎಂಬ ಪದ ಸಾಲದು. ಹನುಮಂತಣ್ಣ ಅವತ್ತು ಜಗಳೂರು ಗೆರೆಯವರೆಗೆ ಹಾಕಿಸಿದ್ದರಲ್ಲಿ ಹೆಬ್ಬೆಟ್ಟಿನಗಲದಷ್ಟು ಪೆಟ್ರೋಲು ಮೊದಲಿಂದಲೂ ಇರಲೇ ಇಲ್ಲ. ಇಲ್ಲದ್ದನ್ನು ಕದ್ದವನೆಂದು ಅವನನ್ನು ಕಳಿಸಿದ್ದೆವು.

ಅತ್ತೆಗೆ ಹೇಳಿದೆ. ಎಂಬತ್ತು ದಾಟಿದರೂ ಕಿವಿ ಚುರುಕು. ಪೂರ್ತಿ ಕೇಳಿಸಿಕೊಂಡು ಶೆಡ್ಡಿನ ಕಡೆ ನೋಡಿದರು. "ಜೀಪು ಜಗಳೂರಿಗೆ ಹೋಗಾಕೆ ಆಗ್ತೈತಾ?"

"ನಾನೊಬ್ನೇ ಹೋಗಿ ಹೇಳಿ ಬರ್ತೀನಿ ಅತ್ತೆ."

"ಅವನಿಗೆ ಕೆಲ್ಸಕ್ಕೆ ಬರಬ್ಯಾಡ ಅಂದೋಳು ನಾನು. ನಾನೂ ಬರ್ತೀನಿ."

ಇವತ್ತು ಹೋಗಿ ಬಂದೆವು. ಹನುಮಂತಣ್ಣ ಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದ, ತಲೆ ಪೂರ್ತಿ ಬೆಳ್ಳಗಾಗಿದೆ. ಜೀಪಿನ ಸದ್ದಿಗೇ ಎದ್ದು ನಿಂತ. ನಾನು ಕೋಲು ಹಿಡಿದು ತೊದಲುತ್ತಾ ಎಲ್ಲವನ್ನೂ ಹೇಳಿದೆ. ಅತ್ತೆ ಕೈಮುಗಿದರು. ಅವನು ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ನಂಗೆ ಹೇಳಿ ಏನ್ಮಾಡ್ತೀರಿ ಅಕ್ಕಾರೆ? ತೆಗ್ದಿಲ್ಲ ಅಂತ ನಂಗೆ ಗೊತ್ತೇ ಇತ್ತು." ಆಮೇಲೆ ದನಿ ತಗ್ಗಿಸಿ, "ಒಳಗೆ ನಮ್ಮಾಕಿ ಅದಾಳೆ. ಅವತ್ತಿಂದ ಒಂದಿನಾನೂ ಕೇಳಿಲ್ಲ. ಆದ್ರೆ ನಂಬಿಲ್ಲ. ಆಕಿಗೆ ಹೇಳ್ರಿ" ಎಂದ.

ಒಳಗೆ ಹೋಗಿ ಮೊದಲಿಂದ ಹೇಳಿದೆ, ಚಾಕುವಿನಿಂದ ಶುರುಮಾಡಿ. ಆಕೆ ಕೋಲನ್ನು ಇಸಿದುಕೊಂಡು ಕುಯ್ದ ತುದಿಯ ಮೇಲೆ ಬೆರಳಾಡಿಸಿದರು. "ಇದನ್ನ ಇಲ್ಲೇ ಬಿಟ್ಟು ಹೋಗ್ತೀರಾ?" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಹೊರಗೆ ಯಾಕೆ ನಿಂತೀರಿ? ಒಳಗೆ ಬರ್ರಿ" ಎಂದು ಗಂಡನನ್ನು ಕರೆದರು.

ಕೋಲು ಅಲ್ಲೇ ಉಳಿಯಿತು. ಮುಳ್ಳನ್ನೇ ನಂಬಿಕೊಂಡು ಬಂದೆವು. ಸೂಳೆಕೆರೆ ಏರಿ ಹತ್ತಿರ ಅತ್ತೆ, "ಎಷ್ಟೈತೆ ನೋಡು" ಎಂದರು. ಇನ್ನೂ ಬೇಕಾದಷ್ಟಿತ್ತು. ಆದರೂ ಜೀಪು ನಿಲ್ಲಿಸಿ, ಜೊತೆಗೆ ಕ್ಯಾನಿನಲ್ಲಿ ಒಯ್ದಿದ್ದ ಪೆಟ್ರೋಲನ್ನೂ ಸುರಿದೆ. ಕೈಯ ವಾಸನೆ ಅದರದೇ.

ಚಾಕು ಈಗಲೂ ಜೇಬಿನಲ್ಲಿದೆ. ಎದುರಿನ ಟೇಬಲ್ ಬಟ್ಟೆಯ ಅಂಚಿನಿಂದ ಒಂದು ದಾರ ಜೋತುಬಿದ್ದಿದೆ, ಊಟಕ್ಕೆ ಕೂತಾಗಿನಿಂದ ನೋಡುತ್ತಿದ್ದೇನೆ. ಇರಲಿ ಬಿಡಿ.