ಹೆಸರಿಡುವ ಮೊದಲೇ ಹೋದವರ ಎಣಿಕೆ

ಬೆಳಿಗ್ಗೆ ಐದೂಮುಕ್ಕಾಲು. ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ದೀಪ ಉರಿಯುತ್ತಿರುವುದು ನೆಲಮಹಡಿಯ ಕೊನೆಯ ಕೋಣೆಯಲ್ಲಿ ಮಾತ್ರ. ಹಿಂದೆ ಉತ್ತರಪತ್ರಿಕೆಗಳನ್ನು ತುಂಬಿಡುತ್ತಿದ್ದ ಕೋಣೆ ಅದು. ಇರುವ ಒಂದು ಕಿಟಕಿಗೂ ಅರ್ಧದವರೆಗೆ ಬೀರು ಅಡ್ಡ. ಫ್ಯಾನ್ ಹಾಕಿದರೆ ಕಾಗದಗಳು ಹಾರುತ್ತವೆ, ಹಾಕದಿದ್ದರೆ ಕಂಪ್ಯೂಟರ್ ಬಿಸಿಯೇರುತ್ತದೆ. ಐವತ್ತಾರು ವರ್ಷದ ಸಹ ಪ್ರಾಧ್ಯಾಪಕಿ ಕಾಗದಗಳ ಮೇಲೆ ಸ್ಟೇಪ್ಲರ್, ಬೀಗ, ಕನ್ನಡಕದ ಡಬ್ಬಿ ಹೇರಿ ಫ್ಯಾನ್ ಹಾಕುತ್ತಾರೆ. ಆಮೇಲೆ ಫೋನ್ ಎತ್ತಿಕೊಳ್ಳುತ್ತಾರೆ. ರಾತ್ರಿ ಪಾಳಿಯವರು ಮನೆಗೆ ಹೊರಡುವ ಮೊದಲು ಅವರನ್ನು ಹಿಡಿಯಬೇಕು.

"ಸಿಸ್ಟರ್, ನಿಮ್ಮಲ್ಲಿ ಎಪ್ಪತ್ತೆರಡು ವರ್ಷದ ಅಜ್ಜ ಒಬ್ರು ಹೆರಿಗೆಗೆ ಸೇರಿದಾರೆ. ಒಂಚೂರು ನೋಡ್ತೀರಾ?"

ಆ ಕಡೆಯಿಂದ ನಗು, ಹಾಳೆ ಮಗುಚುವ ಸದ್ದು. ಅಜ್ಜ ಮೂಳೆ ವಾರ್ಡಿಗೆ ಹೋಗುತ್ತಾರೆ. ಒಂದು ಸಾಲು ಸರಿಯಾಯಿತು.

ನಲವತ್ತೆರಡು ಆಸ್ಪತ್ರೆಗಳಿಂದ ದಿನಕ್ಕೆ ಸುಮಾರು ನಾನೂರು ಸಾಲು ಮಾಹಿತಿ ಈ ಕೋಣೆಗೆ ಬರುತ್ತದೆ: ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರಿಗೆ ಯಾವ ಜ್ವರ. ಅದರಲ್ಲಿ ಅರುವತ್ತಾದರೂ ಎಲ್ಲೋ ಒಂದು ಕಡೆ ತಪ್ಪಿರುತ್ತವೆ. ಅವನ್ನು ತಿದ್ದಿ, ಒಂದಕ್ಕೊಂದು ಜೋಡಿಸಿ, ಯಾವ ಬೀದಿಯಲ್ಲಿ ಯಾವ ಕಾಯಿಲೆ ತಲೆಯೆತ್ತುತ್ತಿದೆ ಎಂದು ಹೇಳುವುದು ಇವರ ಕೆಲಸ. ವಿದ್ಯಾರ್ಥಿಗಳ ಬಾಯಲ್ಲಿ ಇವರು 'ಎಣಿಕೆ ಮೇಡಂ'. ಮನೆಯಲ್ಲಿ ಅತ್ತೆಯ ದೂರೇ ಬೇರೆ.

"ಸೊಸೆ ಡಾಕ್ಟರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಪಕ್ಕದ್ಮನೆಯವಳು ಮಂಡಿನೋವು ಅಂತ ಬಂದ್ರೆ, ಇವಳು ಯಾವ ಕಾಲು, ಯಾವಾಗಿಂದ, ಮನೇಲಿ ಇನ್ಯಾರಿಗಿದೆ ಅಂತ ಕೇಳಿ ಬರ್ಕೊಂಡು ಕಳಿಸಿದ್ಲು. ಒಂದು ಮಾತ್ರೆ ಕೊಡ್ಲಿಲ್ಲ."

ಸಂಖ್ಯಾಶಾಸ್ತ್ರದ ಪದವಿ ಮುಗಿಸಿ ಇದೇ ವಿಭಾಗಕ್ಕೆ ಮಾಹಿತಿ ತುಂಬುವ ಹಂಗಾಮಿ ಕೆಲಸಕ್ಕೆ ಬಂದವರು ಇವರು. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಓದಿ ಮೂವತ್ತೊಂಬತ್ತಕ್ಕೆ ಪಿಎಚ್‌ಡಿ ಪಡೆದರು. ಸಹ ಪ್ರಾಧ್ಯಾಪಕಿಯಾಗಿ ಹನ್ನೆರಡು ವರ್ಷ ಕಳೆದಿವೆ. ವಿಭಾಗದಿಂದ ಹೊರಟ ಪ್ರಬಂಧಗಳಲ್ಲಿ ಅರ್ಧಕ್ಕೆ ಇವರ ಕೋಷ್ಟಕಗಳೇ ಆಧಾರ. ಹೆಸರು ಮಾತ್ರ ನಾಲ್ಕನೆಯದೋ ಐದನೆಯದೋ, ಇಲ್ಲವೇ ಕೊನೆಯ ಕೃತಜ್ಞತೆಯ ಸಾಲಿನಲ್ಲಿ. ಮೊದಲ ಹೆಸರು ಇವರದಾಗಿರುವ ದೊಡ್ಡ ಪ್ರಬಂಧ ಒಂದೇ. ಹುಟ್ಟಿದ ಮೊದಲ ವಾರದಲ್ಲೇ ಸಾಯುವ ಶಿಶುಗಳ ಸಂಖ್ಯೆ ಆರು ವರ್ಷದಲ್ಲಿ ಕಾಲು ಭಾಗ ಇಳಿದಿದೆ ಎಂದು ತೋರಿಸಿದ ಪ್ರಬಂಧ ಅದು. ಪ್ರಾಧ್ಯಾಪಕಿಯ ಹುದ್ದೆಗೆ ಹಾಕಿದ ಅರ್ಜಿ ನಿಂತಿದ್ದೂ ಅದರ ಮೇಲೆಯೇ.

ಸಂದರ್ಶನಕ್ಕೆ ಮೂರು ವಾರವಿದ್ದಾಗ ಒಂದು ಆಸ್ಪತ್ರೆಯ ದಾಖಲೆ ಗುಮಾಸ್ತರು ಫೋನ್ ಮಾಡಿದರು. ಹೊಸ ಅಧ್ಯಯನಕ್ಕೆಂದು ಹಳೆಯ ಪಟ್ಟಿಯನ್ನು ಆಸ್ಪತ್ರೆಯ ದಾಖಲೆ ಪುಸ್ತಕದೊಡನೆ ತಾಳೆ ನೋಡಿಕೊಡಿ ಎಂದು ಇವರೇ ಅವರನ್ನು ಕೇಳಿದ್ದರು.

"ಮೇಡಂ, ನಮ್ಮ ಪುಸ್ತಕದಲ್ಲಿ ಈ ತಾಯಿಗೆ ಅವಳಿ. ಎರಡೂ ಅದೇ ದಿನ ಹೋಗಿವೆ. ನಿಮ್ಮ ಪಟ್ಟೀಲಿ ಒಂದೇ ಇದೆಯಲ್ಲ?"

ಇವರಿಗೆ ಆ ಕ್ಷಣವೇ ತಿಳಿಯಿತು. ಒಂದೇ ಸಾವಿನ ಫಾರಂ ಕೆಲವೊಮ್ಮೆ ವಾರ್ಡಿನಿಂದ ಒಂದು, ಕಚೇರಿಯಿಂದ ಒಂದು ಎಂದು ಎರಡು ಸಲ ಬರುತ್ತದೆ. ಅದನ್ನು ತಡೆಯಲು ಮೂರು ವರ್ಷದ ಹಿಂದೆ ಇವರೇ ಒಂದು ಪ್ರೋಗ್ರಾಂ ಬರೆದಿದ್ದರು: ಹೆಸರು, ತಾಯಿಯ ಹೆಸರು, ದಿನಾಂಕ ಮೂರೂ ಒಂದೇ ಆಗಿದ್ದರೆ ಒಂದು ಸಾಲು ಅಳಿಸು. ಹೆಸರಿಡುವ ಮೊದಲೇ ಹೋದ ಶಿಶುವಿನ ಹೆಸರಿನ ಜಾಗದಲ್ಲಿ ನರ್ಸುಗಳು 'ಮಗು' ಎಂದಷ್ಟೇ ಬರೆಯುತ್ತಾರೆ. ಅವಳಿಗಳಲ್ಲಿ ಎರಡನೆಯದು ಹೀಗೆ ಪಟ್ಟಿಯಿಂದ ಅಳಿಸಿಹೋಗಿತ್ತು.

ನಾಲ್ಕು ದಿನ ಕೂತು ಹುಡುಕಿದರು. ಮೂರು ವರ್ಷದಲ್ಲಿ ಅರುವತ್ತೆಂಟು ಶಿಶುಗಳು. ಕಾಲು ಭಾಗದ ಇಳಿಕೆ ಐದನೇ ಒಂದು ಭಾಗಕ್ಕೆ ಬಂದು ನಿಂತಿತು.

"ನಾನೇ ಬರೆದ ಸಾಲು ಅದು. ಬೇರೆಯವರ ಮೇಲೆ ಹಾಕೋಣ ಅಂದ್ರೂ ಜಾಗ ಇರ್ಲಿಲ್ಲ," ಎನ್ನುತ್ತಾರೆ.

ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಬಾಗಿಲು ಮುಚ್ಚಿ, ತಗ್ಗಿದ ದನಿಯಲ್ಲಿ ಹೇಳಿದರು: "ಇಳಿಕೆ ಇಳಿಕೇನೇ ಅಲ್ವಾ? ಸಂದರ್ಶನ ಒಂದು ಮುಗೀಲಿ. ತಿದ್ದುಪಡಿ ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಕಳಿಸಿ."

"ಆಗ್ಲಿ ಸಾರ್," ಎಂದೇ ಮನೆಗೆ ಬಂದರು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನೀನು ಈಗ ಬರೆದ್ರೂ ಒಂದೇ, ಆಮೇಲೆ ಬರೆದ್ರೂ ಒಂದೇ. ಎಷ್ಟು ಮಕ್ಕಳು ಅಂತ ಕೇಳಿದ್ರೆ ಹೆತ್ತವಳು ಎರಡು ಅಂತಾನೇ ಹೇಳ್ತಾಳೆ. ನಿನ್ನ ನಿದ್ದೆ ಮಾತ್ರ ನೀನೇ ನೋಡ್ಕೋ."

ಅಂದು ಕಚೇರಿಗೆ ಬಂದವರು ಫ್ಯಾನ್ ಹಾಕುವ ಮೊದಲೇ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿ ಕಳಿಸಿದರು. ಅದರ ಪ್ರತಿಯನ್ನು ಸಂದರ್ಶನ ಸಮಿತಿಗೂ ಕಳಿಸಿದರು. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ಕ್ಷಮೆ ಕೇಳಿದರು.

ಸಂದರ್ಶನ ಏಳು ನಿಮಿಷದಲ್ಲಿ ಮುಗಿಯಿತು. ಸಮಿತಿ ಪ್ರಾಮಾಣಿಕತೆಯನ್ನು ಹೊಗಳಿ, ಅರ್ಜಿಯನ್ನು ಮುಂದಿನ ಸುತ್ತಿಗೆ ಮುಂದೂಡಿತು. ಮುಂದಿನ ಸುತ್ತು ಐದು ವರ್ಷಕ್ಕೆ, ಇವರ ನಿವೃತ್ತಿ ನಾಲ್ಕು ವರ್ಷಕ್ಕೆ. ಬೇಸರವಾಗಲಿಲ್ಲವೇ ಎಂದರೆ ಸುತ್ತಿ ಬಳಸಿ ಮಾತಾಡುವುದಿಲ್ಲ: "ಆಯ್ತು. ಎರಡು ದಿನ ಅಳ್ತಾನೇ ಇದ್ದೆ. ಸುಳ್ಳು ಯಾಕೆ ಹೇಳ್ಲಿ."

ಈಗ ಇವರು ಓಡಾಡುತ್ತಿರುವುದು ಸಾವಿನ ಫಾರಂ ಬದಲಿಸಲು. 'ಈ ಹೆರಿಗೆಯಲ್ಲಿ ಎಷ್ಟನೆಯ ಮಗು' ಎಂಬ ಒಂದೇ ಒಂದು ಕಾಲಂ ಸೇರಬೇಕು. ಆರೋಗ್ಯ ಇಲಾಖೆಗೆ ಮೂರು ಪತ್ರ ಹೋಗಿವೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ನಲವತ್ತೆರಡು ಆಸ್ಪತ್ರೆಗಳ ಗುಮಾಸ್ತರೂ ಇವರ ಮಾತಿಗೆ ಕಟ್ಟುಬಿದ್ದು, ಫಾರಂನ ಅಂಚಿನಲ್ಲಿ ಕೈಯಿಂದ ಒಂದು, ಎರಡು ಎಂದು ಬರೆದು ಕಳಿಸುತ್ತಿದ್ದಾರೆ.

"ಅದು ಅಚ್ಚಾಗಿ ಬಂದ್ರೆ ಸಾಕು ನಂಗೆ," ಎನ್ನುತ್ತಾರೆ. "ನಾನು ಹೋದ್ಮೇಲೆ ಈ ಕಾಲಂ ಯಾಕಿದೆ ಅಂತ ಯಾರಿಗೂ ಗೊತ್ತಿರಲ್ಲ. ಗೊತ್ತಿರ್ಬೇಕು ಅಂತಾನೂ ಇಲ್ಲ. ತುಂಬಿದ್ರೆ ಆಯ್ತು."